ಲೈಟಿನ ಬೆನ್ನು

ನಿವೃತ್ತಿಯಾದ ಮೇಲೆ ಕೊಪ್ಪದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಲೆಟ್ಯೂಸ್ ಸೊಪ್ಪು ಬೆಳೆಸಲು ಶುರು ಮಾಡಿದೆ. ಕಿಟಕಿ ಮುಚ್ಚಿ, ಎಲ್ಇಡಿ ಲೈಟಿನ ಕೆಳಗೆ. ಶೃಂಗೇರಿ ಕಡೆಯ ಹೋಂಸ್ಟೇಗಳಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಇದೇನು ಮಹಾ ಎಂಬ ಜಂಬ ಬೇರೆ.

ಲೈಟು ಕೂರಿಸಿದವನು ಬಸ್‌ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಕೋಣೆ ತಂಪಾಗಿರಲು ಎಸಿ ಹಾಕಿಸೋಣವೆಂದೆ. ಅವನು ಬೇಡವೆಂದ.

"ಎಸಿ ಎಂತಕ್ಕೆ ಸಾರ್? ಲೈಟಿಗೆ ಕರೆಂಟು ಕೊಡುವ ಡ್ರೈವರ್ ಡಬ್ಬಿ ಕೋಣೆಯ ಹೊರಗೆ ಇಡುವ, ಅದರ ಬಿಸಿ ಹೊರಗೇ ಹೋಗ್ತದೆ. ಲೈಟಿನ ಬೆನ್ನಿಗೆ ಸಣ್ಣ ಫ್ಯಾನಿನ ಗಾಳಿ, ಗೋಡೆಯ ಮೇಲೊಂದು ಎಕ್ಸಾಸ್ಟ್ ಫ್ಯಾನು. ಅಷ್ಟೇ ಸಾಕು. ಬೆನ್ನು ಮಾತ್ರ ಮುಚ್ಚಬೇಡಿ."

ಬೆನ್ನೆಂದರೆ ಲೈಟಿನ ಹಿಂಬದಿಗೆ ಸಾಲಾಗಿ ನಿಲ್ಲಿಸಿದ ಅಲ್ಯೂಮಿನಿಯಂ ಪಟ್ಟಿಗಳು. ಬಿಸಿ ಗಾಳಿಗೆ ಹೋಗುವುದು ಅಲ್ಲಿಂದಲೇ. "ಉಷ್ಣದ ಪಾಠ ನಿಂಗೆ ಹೇಳಿಕೊಟ್ಟದ್ದು ಯಾರು ಮಾರಾಯ?" ಎಂದೆ. ಅವನು ನಕ್ಕ.

ಆಷಾಢ ಬಂತು. ಆ ತಿಂಗಳು ನಮ್ಮೂರಿನಲ್ಲಿ ಎಲ್ಲರ ಕಣ್ಣೂ ಬಟ್ಟೆ ಒಣಗಿಸುವ ಬೆಚ್ಚಗಿನ ಜಾಗದ ಮೇಲೆ. ಫ್ರಿಜ್ಜಿನ ಹಿಂದೆಯೂ ಕಾಲುಚೀಲ ತೂಗುತ್ತಿರುತ್ತದೆ. ನನ್ನ ಕಣ್ಣು ಲೈಟಿನ ಬೆನ್ನಿಗೆ ಬಿತ್ತು. ಮೊದಲು ಒಂದು ಕರವಸ್ತ್ರ ಹಾಕಿ ನೋಡಿದೆ, ಆಮೇಲೆ ಬನಿಯನ್. ಒಂದು ತಾಸಿನಲ್ಲಿ ಹಪ್ಪಳದ ಹಾಗೆ ಗರಿಗರಿ. ದಿನಾ ಅದೇ ಅಭ್ಯಾಸವಾಯಿತು.

ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ ದೊಡ್ಡ ಲೈಟು ಸತ್ತಿದೆ. ಹಿಂದಿನ ದಿನ ಬನಿಯನ್ ತೆಗೆದಿದ್ದೆನೋ ಇಲ್ಲವೋ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪು ಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಸೀದಾ ಅವನ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರೇ ಕೂಗಾಡಿದೆ. "ಡೂಪ್ಲಿಕೇಟ್ ಮಾಲು ಕೊಟ್ಟು ಮೇಷ್ಟ್ರಿಗೇ ಟೋಪಿ ಹಾಕ್ತೀಯಾ?"

ಅವನು ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಮನೆಗೆ ಬಂದು ಸ್ಟೂಲ್ ಹತ್ತಿದ. ಕೆಳಗೆ ನಿಂತು ನಾನು ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡುತ್ತಿದ್ದೆ. ಮೇಲೆ ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಳೆಯದನ್ನು ಇಳಿಸಿ, ಚೀಲಕ್ಕೆ ತುರುಕಿ, ಹೊಸ ಲೈಟು ಹಾಕಿ ಹೋದ.

ವಾರದ ನಂತರ ಅಂಗಡಿ ಮುಂದೆ ಹಾದು ಹೋಗುವಾಗ ಕರೆದ. ಒಳಗೆ ಬೇರೆ ಯಾರೂ ಇರಲಿಲ್ಲ. ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟು, "ಇದು ಮೇಲೆ ಸಿಕ್ಕಿಕೊಂಡಿತ್ತು ಸಾರ್, ಮನೇಲಿ ಒಗೆದಿದ್ದಾರೆ" ಎಂದ. ಕಂಕುಳಲ್ಲಿ ತೂತು ಬಿದ್ದ ನನ್ನದೇ ಬನಿಯನ್. ಬೆನ್ನಿನ ಮೇಲೆ ಆ ಪಟ್ಟಿಗಳ ಗುರುತು ಕಂದು ಗೆರೆಗಳಾಗಿ ಮೂಡಿತ್ತು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ತಪ್ಪಾಯಿತು ಎನ್ನಬೇಕಿತ್ತು. "ಹ್ಞೂಂ" ಎಂದು ಕೊಡೆ ಬಿಚ್ಚಿ ಹೊರಟುಬಿಟ್ಟೆ.

ಮೊನ್ನೆ ಕಟಿಂಗ್ ಶಾಪಿನಲ್ಲಿ ಕುಳಿತಿದ್ದೆ. ಪಕ್ಕದ ಕುರ್ಚಿಯವರು ಮನೆಗೆ ಲೈಟು ಹಾಕಿಸುವ ಮಾತೆತ್ತಿ ಅವನ ಅಂಗಡಿಯ ಹೆಸರು ಹೇಳಿದರು. ನನ್ನ ತಲೆಗೆ ಕತ್ತರಿ ಹಿಡಿದವನು ತಡೆದ. "ಅಲ್ಲಿ ಬೇಡ ಮಾರಾಯ್ರೆ, ಡೂಪ್ಲಿಕೇಟ್ ಕೊಡ್ತಾನಂತೆ. ನಮ್ಮ ಮೇಷ್ಟ್ರೇ ಹೇಳಿದ್ದು. ಅಲ್ವಾ ಸಾರ್?"

ಕನ್ನಡಿಯಲ್ಲಿ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ, ಕಿವಿಯ ಹಿಂದೆ ಇನ್ನೂ ಸ್ವಲ್ಪ ತೆಗಿ ಎಂದೆ.