ಎಮ್ಮೆ ಡಾಕ್ಟರು ಡಾಲ್ಫಿನ್ ನೋಡಿದ್ದು

ಮೇಲಿನ ಮನೆಯಲ್ಲಿ ಇವತ್ತು ಒಣಮೀನು ಹುರಿಯುತ್ತಿದ್ದಾರೆ. ನಮ್ಮ ಮನೆಯಲ್ಲಿ ಕಿಟಕಿ ಮುಚ್ಚಿತು, ಊದುಬತ್ತಿ ಹೊತ್ತಿತು. ನಾನು ಮಾತ್ರ ಬಾಲ್ಕನಿಗೆ ಹೋಗಿ ನಿಂತೆ. ಮೀನು ಮುಟ್ಟದವನಿಗೆ ಆ ವಾಸನೆಯಲ್ಲಿ ಏನು ಸುಖ ಎಂದು ನೀವು ಕೇಳಬಹುದು. ಕೊಂಕಣದ ದಡದಲ್ಲಿ ಒಂದು ಜೀವವೂ ನನ್ನ ಮಾನವೂ ಒಟ್ಟಿಗೆ ಉಳಿದದ್ದು ಇದೇ ವಾಸನೆಯ ನಡುವೆ.

ನಾನು ದನದ ಡಾಕ್ಟರ್. ಸಾಸವಡದ ಕಡೆಯ ಎಮ್ಮೆಗಳು, ಭೋಸರಿಯ ನಾಯಿಗಳು, ಇವೇ ನನ್ನ ಸಂಸಾರ. ಸಮುದ್ರವೇ ಇಲ್ಲದ ಪುಣೆಯಿಂದ ಡಾಲ್ಫಿನ್ ನೋಡಲು ನನ್ನನ್ನು ಕರೆಸಿದ್ದು ನನ್ನ ವಿದ್ಯೆಗಾಗಿ ಅಲ್ಲ. ಸೂಟ್‌ಕೇಸಿನಷ್ಟೇ ಇದ್ದ ನನ್ನ ಸೋನೋಗ್ರಫಿ ಯಂತ್ರಕ್ಕಾಗಿ. ಜೊತೆಗೆ ನಿಂಗಪ್ಪ ಬಂದ. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದು, ಗೋಡೆ ಕಟ್ಟುವುದಕ್ಕಿಂತ ದನ ಹಿಡಿಯುವುದೇ ವಾಸಿ ಎಂದು ನನ್ನ ದವಾಖಾನೆಯಲ್ಲಿ ನಿಂತವನು ಅವನು.

ಬಲೆಗೆ ಸಿಕ್ಕಿದ್ದ ಡಾಲ್ಫಿನ್ನನ್ನು ಮೀನು ಒಣಗಿಸುವ ಅಂಗಳದ ಪಕ್ಕ ತೊಟ್ಟಿಯಲ್ಲಿ ಇಟ್ಟಿದ್ದರು. ಮೂರು ದಿನದಿಂದ ಏನೂ ತಿಂದಿಲ್ಲ, ಹೊಟ್ಟೆ ಊದಿದೆ. ಅರಣ್ಯ ಇಲಾಖೆಯ ಅಧಿಕಾರಿ ನನ್ನನ್ನು ಬದಿಗೆ ಕರೆದು ಹೇಳಿದರು: ಹೊಟ್ಟೆಯೊಳಗೆ ಕೀವು ತುಂಬಿದ್ದರೆ ನರಳಿಸುವುದು ಬೇಡ, ಕೊನೆಯ ಇಂಜೆಕ್ಷನ್ ಕೊಟ್ಟುಬಿಡಿ, ಬರೀ ನೀರಾದರೆ ಔಷಧ ಕೊಟ್ಟು ಕಾಯೋಣ. ಅದನ್ನು ತಿಳಿಯಲು ಒಳಗಿನ ದ್ರವವನ್ನು ಸೂಜಿಯಿಂದ ಒಂದಿಷ್ಟು ಎಳೆದು ನೋಡಬೇಕು. ಆ ಕೊನೆಯ ಇಂಜೆಕ್ಷನ್ನಿನ ಶೀಶೆ ನನ್ನ ಚೀಲದಲ್ಲೇ ಇತ್ತು.

ಒದ್ದೆ ಬಟ್ಟೆ ಹೊದಿಸಿ ಡಾಲ್ಫಿನ್ನನ್ನು ಫೋಮಿನ ಹಾಸಿಗೆಯ ಮೇಲೆ ಮಲಗಿಸಿದರು. ಅಭ್ಯಾಸಬಲ ನೋಡಿ, ನಾನು ಕೂದಲು ತೆಗೆಯಲು ಬ್ಲೇಡು ಹಿಡಿದೆ. ಅಲ್ಲಿ ಬೋಳಿಸಲು ಏನಿದೆ! ನಿಂಗಪ್ಪ ನಗದೆ ಬ್ಲೇಡು ಇಸಿದುಕೊಂಡ. ಅದೇ ಅಭ್ಯಾಸದಿಂದ, ಯಂತ್ರಕ್ಕೆ ಒಳಗಿನ ಚಿತ್ರ ಕಳಿಸುವ ಪ್ರೋಬನ್ನು ಅದರ ಹೊಟ್ಟೆಗೆ ಬಲವಾಗಿ ಒತ್ತಿದೆ. ಎಮ್ಮೆಗೆ ಹಾಗೆ ಒತ್ತದಿದ್ದರೆ ಚಿತ್ರವೇ ಬರುವುದಿಲ್ಲ. ಇಲ್ಲಿ ಪರದೆ ತುಂಬ ಬೂದು ಬಣ್ಣ. ದ್ರವವಿದ್ದರೆ ಕಪ್ಪಗೆ ಕಾಣಬೇಕು, ಕಾಣಲಿಲ್ಲ. ಕುರುಡಾಗಿ ಚುಚ್ಚಿದರೆ ಕರುಳು ತೂತಾದೀತು.

"ಡಾಕ್ಟರ್, ಕಾಯ್ ತೆ ಲವಕರ್ ಸಾಂಗಾ," ಬೇಗ ಹೇಳಿ ಎಂದು ಅಧಿಕಾರಿ ಅವಸರಪಡಿಸಿದರು. ನನ್ನ ಕೈ ಚೀಲದ ಕಡೆಗೆ ಹೋಯಿತು. ಹೇಳಲು ಈಗಲೂ ನಾಚಿಕೆ.

"ಡಾಕ್ಟ್ರ, ಕೈ ಹಗೂರ ಮಾಡಿ ಇನ್ನೊಮ್ಮಿ ನೋಡ್ರಿ," ಎಂದ ನಿಂಗಪ್ಪ.

"ಯಾಕಪ್ಪಾ?"

"ಇದು ಎಮ್ಮಿ ಅಲ್ರಿ. ಭಾಳ ಒತ್ತಲಿಕತ್ತೀರಿ. ಹಂಗ ಒತ್ತಿದ್ರ ನೀರು ಅಲ್ಲಿ ಹ್ಯಾಂಗ ನಿಂದರತದ? ಬಾಜೂಕ್ಕ ಸರೀತದ."

ಕೈ ಸಡಿಲಿಸಿದೆ. ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಮೆಲ್ಲಗೆ ತೆರೆದುಕೊಂಡಿತು. ಡಾಲ್ಫಿನ್ ನೆತ್ತಿಯ ತೂತಿನಿಂದ ಭುಸ್ಸೆಂದು ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು, ಕೆಲಹೊತ್ತು ಅಲುಗದೆ ಇರುತ್ತದೆ. ಆ ಬಿಡುವಿನಲ್ಲಿ ಸೂಜಿ ಇಳಿಸಿದೆ. ಅದರ ಬಿಳಿ ತುದಿ ಕಪ್ಪಿನೊಳಗೆ ಸೇರುವವರೆಗೆ ನಾನೂ ಉಸಿರಾಡಲಿಲ್ಲ.

ನಿಂಗಪ್ಪ ಸಿರಿಂಜನ್ನು ಬಿಸಿಲಿಗೆ ಹಿಡಿದ. "ಕೀವು ಅಲ್ರಿ! ಗಂಜಿ ತಿಳಿ ಇದ್ದಂಗ ಅದ."

ಆಮೇಲೆ ಸೂಕ್ಷ್ಮದರ್ಶಕವೂ ಅದನ್ನೇ ಹೇಳಿತು. ನಾನು ಅಲ್ಲೇ ಇದ್ದ ಮೀನಿನ ಬುಟ್ಟಿಯ ಮೇಲೆ ಕುಳಿತೆ. ಮನಸ್ಸೇನೋ ಹತ್ತಿಯಷ್ಟು ಹಗುರಾಗಿತ್ತು, ಬುಟ್ಟಿ ಮಾತ್ರ ಮುರಿಯಿತು. ನಾಲ್ಕನೆಯ ದಿನ ಡಾಲ್ಫಿನ್ ಬಂಗಡೆ ತಿಂದಿತೆಂದು ಪುಣೆಗೆ ಫೋನ್ ಬಂತು. ವಾರ ಕಳೆದು ಅದನ್ನು ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಬಿಟ್ಟರು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಹಿಂಜವಾಡಿಯ ಒಂದು ಸಭೆಯಲ್ಲಿ ಈ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದಾಗ, ಕೈ ಸಡಿಲಿಸುವ ಉಪಾಯ ನನಗೇ ಹೊಳೆಯಿತೆಂದು ಹೇಳಿದ್ದೆ. ನಿಂಗಪ್ಪ ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. ಆಮೇಲೂ ನಾನು ಆ ಮಾತು ಎತ್ತಲಿಲ್ಲ. ಈಗ ಅವನು ಸಾಸವಡದಲ್ಲಿ ಆಡು ಸಾಕಿಕೊಂಡಿದ್ದಾನೆ. ಇವತ್ತು ಫೋನ್ ಮಾಡಿ, ತಪ್ಪಾಯಿತು ಎಂದೆ.

"ಬಿಡ್ರಿ ಡಾಕ್ಟ್ರ," ಎಂದ. "ನೀವು ಚೀಲಕ್ಕ ಕೈ ಹಾಕಿದಾಗ ನನ್ನ ಎದಿ ಧಸಕ್ ಅಂದಿತ್ರಿ. ಅದಕ್ಕ ಬಾಯಿ ಬಿಟ್ಟೆ. ಅದು ಮೀನು ತಿಂತು ಅಂತ ಫೋನ್ ಬಂದ ದಿನ ಮನ್ಯಾಗ ಹೋಳಿಗಿ ಮಾಡಿಸಿದ್ದೆ. ನಿಮಗ ಎರಡು ತರಬೇಕಂದಿದ್ದೆ, ಖುಷಿಯೊಳಗ ಎಲ್ಲಾ ನಾನೇ ತಿಂದೆ. ತಪ್ಪು ನಂದೂ ಅದ್ರಿ."