ಬಿರಡೆ ಅಕ್ಕನ ಅಲ್ಯೂಮಿನಿಯಂ ಕೆಲಸ

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಬಿರಡೆ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಆಕೆಯದು ಒಂದೇ ಕೆಲಸ: ಖಾಲಿಯಾದ ಸಿಲಿಂಡರ್ ಬಿಚ್ಚುವುದು, ತುಂಬಿದ್ದನ್ನು ಜೋಡಿಸುವುದು, ಎಳ್ಳಷ್ಟೂ ಸೋರದಂತೆ ಬಿಗಿಯುವುದು. ಸಿಲಿಂಡರ್ ಎಂದರೆ ಅಡುಗೆಮನೆಯದಲ್ಲ, ತಂಬಿಗೆ ಗಾತ್ರದ ಸ್ಟೀಲಿನದು. ಒಳಗಿರುವುದು ಟ್ರೈಮೀಥೈಲ್ ಅಲ್ಯೂಮಿನಿಯಂ ಎಂಬ ದ್ರವ. ನೋಡಲು ನೀರಿನಷ್ಟೇ ತಿಳಿ, ಆದರೆ ಮೂಗಿನ ತುದಿಯಲ್ಲೇ ಕೋಪ. ಗಾಳಿ ತಗುಲಿದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ನೀರು ತಗುಲಿದರೆ ಸಿಡಿಯುತ್ತದೆ.

ತಮಾಷೆಯೆಂದರೆ ಯಂತ್ರದೊಳಗೆ ಅದು ಸಂಸಾರ ಮಾಡಬೇಕಾದದ್ದು ನೀರಿನ ಜೊತೆಗೇ. ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಮೊದಲು ಈ ದ್ರವದ ಆವಿಯನ್ನು ಒಂದು ಉಸಿರಿನಷ್ಟು ಬಿಡುತ್ತಾರೆ. ಅದು ಒಂದೇ ಪದರವಾಗಿ ಅಂಟುತ್ತದೆ. ಮಿಕ್ಕಿದ್ದನ್ನು ಸಾರಜನಕ ಹಾಯಿಸಿ ಗುಡಿಸಿ ಹಾಕಿ, ಆಮೇಲೆ ನೀರಾವಿ ಬಿಡುತ್ತಾರೆ. ಹೀಗೆ ಸಾವಿರ ಸಲ ಮಾಡಿದರೂ ಕೂಡುವ ಲೇಪ ತಲೆಗೂದಲಿನ ಐನೂರನೇ ಒಂದು ಪಾಲಿನಷ್ಟೂ ದಪ್ಪವಿರುವುದಿಲ್ಲ. ಹೊಸಬರಿಗೆ ಬಿರಡೆ ಅಕ್ಕ ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಿಕೊಡುತ್ತಿದ್ದಳು: ಅತ್ತೆ ಹೊರಗೆ ಹೋದ ಮೇಲೆ ಸೊಸೆ ಒಳಗೆ ಬರಬೇಕು, ಇಬ್ಬರೂ ಎದುರಾದರೆ ಕೆಲಸ ಕೆಟ್ಟಿತು.

ಮನೆಯಲ್ಲಿ ಆಕೆಗೂ ಒಬ್ಬರು ಅತ್ತೆ ಇದ್ದರು. ಆಳು ಗಿಡ್ಡ, ದನಿ ಮಾತ್ರ ಬೀದಿ ತುದಿಗೂ ಕೇಳುವಂಥದ್ದು. ಕೆಲಸಕ್ಕೆ ಸೇರಿದ ದಿನ ಅವರು ಎಂಥ ಕೆಲಸವೆಂದು ಕೇಳಿದ್ದರು. ನಿಜ ಹೇಳಿದ್ದರೆ ಮರುದಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಅಲ್ಯೂಮಿನಿಯಂ ಕೆಲಸ" ಎಂದಷ್ಟೇ ಹೇಳಿ ಸೊಸೆ ಜಾರಿಕೊಂಡಳು. ಸುಳ್ಳೇನಲ್ಲವಲ್ಲ! ಪಾತ್ರೆ ಕಾರ್ಖಾನೆ ಎಂದು ತೀರ್ಮಾನಿಸಿಕೊಂಡವರು ಅತ್ತೆಯೇ. ವಾರ ಕಳೆಯುವುದರೊಳಗೆ ಎರಡು ಬೀದಿ ಆಚೆಗಿದ್ದ ಅವರ ತಂಗಿಗೆ ಒಂದು ಹಾಲಿನ ಪಾತ್ರೆ ಬೇಕಾಯಿತು.

ಅಲ್ಲಿಂದ ಶುರುವಾಯಿತು. ಬಿರಡೆ ಅಕ್ಕ ಸಂಜೆ ಅಂಗಡಿಗೆ ಹೋಗಿ ಪಾತ್ರೆ ಕೊಂಡು, ಹಳೇ ಪೇಪರಿನಲ್ಲಿ ಸುತ್ತಿ ತರುವಳು. ಅತ್ತೆ ಅದನ್ನು ಬೆರಳಿನಿಂದ ತಟ್ಟಿ, ಅಂಗಡಿಯ ಮಾಲಿಗೆ ಈ ನಾದ ಎಲ್ಲಿಂದ ಬರಬೇಕು ಎಂದು ಹೆಮ್ಮೆಪಟ್ಟು ಹಂಚುವರು. ಬಸ್ ಓಡಿಸುತ್ತಿದ್ದ ಗಂಡನಿಗೆ ಎಲ್ಲ ಗೊತ್ತಿತ್ತು. ಅವನು ಎರಡೂ ಕಡೆ ತಲೆಯಾಡಿಸಿಕೊಂಡು ಸುಖವಾಗಿದ್ದ.

ಹದಿನೇಳನೇ ವರ್ಷ ತಂಗಿಯ ಮನೆಗೆ ಹೋದ ಒಂದು ಪಾತ್ರೆಯ ಮುಚ್ಚಳ ಕೂರಲಿಲ್ಲ. ತಂಗಿ ನಾಲ್ಕು ಜನರೆದುರು ಅದನ್ನು ಆಡಿ ತೋರಿಸಿದಳು. ಅತ್ತೆಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಗ್ಗೆ ಮುಚ್ಚಳವನ್ನು ಕೈಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ, ಕಾರ್ಖಾನೆಯ ಗೇಟಿನಲ್ಲಿ ಇಳಿದರು.

ಕಾವಲುಗಾರ ಒಳಗೆ ಫೋನು ಮಾಡಿದ. ಎತ್ತಿಕೊಂಡವನು ಬಂದು ಎರಡೇ ತಿಂಗಳಾಗಿದ್ದ ಹೊಸ ಮ್ಯಾನೇಜರು. ಬಾಗಿಲು ಜೋರಾಗಿ ಮುಚ್ಚಿದರೂ ಬೆಚ್ಚಿಬೀಳುವ ಪೈಕಿ.

"ಸಾರ್, ಬಿರಡೆ ಅಕ್ಕ ಕೊಟ್ಟ ಮುಚ್ಚಳ ಸರಿಯಾಗಿ ಕೂತಿಲ್ವಂತೆ. ಸಂದಿಯಿಂದ ಆವಿ ಬರ್ತಿದೆಯಂತೆ."

ಯಾರು ಹೇಳಿದರು ಎಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಕೆಂಪು ಗುಂಡಿ ಒತ್ತಿಬಿಟ್ಟ.

ಬಿರಡೆ ಅಕ್ಕ ಆಗ ಬೆಳ್ಳಿ ಬಣ್ಣದ ಬೆಂಕಿಕೋಟು ತೊಟ್ಟು, ಮುಖಕ್ಕೆ ಗಾಜು ಇಳಿಸಿಕೊಂಡು, ಹೊಸ ಸಿಲಿಂಡರ್ ಜೋಡಿಸುತ್ತಿದ್ದಳು. ಗಂಟೆ ಬಡಿದುಕೊಂಡಾಗ ಆಕೆ ಗಾಬರಿಯಾಗಲಿಲ್ಲ. ಎರಡೂ ವಾಲ್ವ್ ತಿರುಗಿಸಿ ಮುಚ್ಚಿದಳು, ಇನ್ನೊಮ್ಮೆ ಮುಟ್ಟಿ ನೋಡಿದಳು, ಎಲ್ಲರ ಹಿಂದೆ ಕೊನೆಯವಳಾಗಿ ಗೇಟಿನ ಬಳಿಯ ಅಂಗಳಕ್ಕೆ ಬಂದಳು. ನೂರಿಪ್ಪತ್ತು ಜನ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ, ಮುಚ್ಚಳ ಹಿಡಿದುಕೊಂಡು, ಅತ್ತೆ.

ಹದಿನೇಳು ವರ್ಷ ಆ ದ್ರವಕ್ಕೆ ಹೆದರದವಳು ಆಗ ಮುಂದಿನವನ ಬೆನ್ನ ಹಿಂದೆ ಸರಿದಳು. ಆಕೆ ಗಾಜು ಎತ್ತಲಿಲ್ಲ. ಗುರುತು ಸಿಗದಿದ್ದರೆ ಸಾಕೆಂದು ನಿಂತಳು. ಆದರೆ ಅತ್ತೆ ನಡಿಗೆಯಲ್ಲೇ ಗುರುತು ಹಿಡಿದಿದ್ದರು.

"ನೀನು ಹೇಳಿದ್ರೆ ಯಾರು ಕೇಳ್ತಾರೆ ಅಂತ ನಾನೇ ಬಂದೆ," ಎಂದರು. "ಪಾತ್ರೆ ಮಾಡೋಕೆ ಇಷ್ಟೆಲ್ಲ ವೇಷ ಯಾಕೆ?"

ಮ್ಯಾನೇಜರು ಮುಚ್ಚಳವನ್ನು ನೋಡಿದ. "ಆವಿ ಬರ್ತಿದ್ದದ್ದು ಇದರಿಂದಲಾ, ಅಮ್ಮಾ?"

"ಇದರಿಂದಲೇ. ನಂಬಿಕೆ ಇಲ್ದಿದ್ರೆ ಹಾಲು ಕಾಯಿಸಿ ನೋಡಿ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು. ಅದು ಸಾಲಿನುದ್ದಕ್ಕೂ ಹರಡಿತು. ಮ್ಯಾನೇಜರು ಕಿವಿಯವರೆಗೂ ಕೆಂಪಾದ. ಹೋದ ಮಾನವನ್ನು ಒಂದಿಷ್ಟಾದರೂ ಹೆಕ್ಕಿಕೊಳ್ಳಲೆಂದೋ ಏನೋ, ಇಲ್ಲಿ ಪಾತ್ರೆ ಮಾಡುವುದಿಲ್ಲವೆಂದು ಆರಂಭಿಸಿ, ದ್ರವದ ಗುಣ, ಬೆಂಕಿ, ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುವ ಬಗೆ, ಎಲ್ಲವನ್ನೂ ಒಂದೂ ಬಿಡದೆ ಅತ್ತೆಗೆ ವಿವರಿಸಿದ. ಈ ಕೆಲಸ ಮಾಡಲು ಇಡೀ ಕಾರ್ಖಾನೆಯಲ್ಲಿ ಧೈರ್ಯವಿರುವುದು ನಿಮ್ಮ ಸೊಸೆಗೊಬ್ಬಳಿಗೇ ಎಂದೂ ಸೇರಿಸಿದ. ಆ ದಿನದ ವರದಿಯಲ್ಲಿ ಕಾರಣ ಬರೆಯಬೇಕಾಗಿ ಬಂದಾಗ ಬಿರಡೆ ಅಕ್ಕ ಮುಖ ಗಂಟಿಕ್ಕಿಕೊಂಡು ಬರೆದಳು: ಮುಚ್ಚಳದ ದೋಷ, ಮುಚ್ಚಳವನ್ನು ವಾರಸುದಾರರಿಗೆ ಹಿಂತಿರುಗಿಸಲಾಗಿದೆ.

ಮ್ಯಾನೇಜರು ಅರ್ಧ ದಿನ ರಜೆ ಕೊಟ್ಟು ಇಬ್ಬರನ್ನೂ ಒಟ್ಟಿಗೆ ಕಳುಹಿಸಿದ. ಬಸ್ಸಿನಲ್ಲಿ ಮೂರು ಸ್ಟಾಪಿನವರೆಗೆ ಅತ್ತೆ ಸೊಸೆಯ ಕೈಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ಒಂದ್ಸಲವೂ ಹೊತ್ಕೊಂಡಿಲ್ವಾ?" ಎಂದರು ಕೊನೆಗೆ.

"ಒಂದ್ಸಲ. ಗ್ಲೌಸಿನ ತುದಿ." ಹೇಳಬೇಕೆಂದಿರಲಿಲ್ಲ, ಆದರೆ ಸುಳ್ಳು ಸಾಕಾಗಿತ್ತು.

"ಹಾಗಾದ್ರೆ ಪಾತ್ರೆಗಳು?"

"ಅಂಗಡಿಯವು, ಅತ್ತೆ."

ಬೈಗುಳ ಬೀಳುವುದೆಂದು ಆಕೆ ಬೆನ್ನು ಬಗ್ಗಿಸಿ ಕೂತಳು. ಅತ್ತೆ ಕೈಚೀಲದಿಂದ ಮುಚ್ಚಳ ತೆಗೆದು, ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು.

"ನನ್ನ ತಂಗಿಗೆ ಮಾತ್ರ ಇದು ಗೊತ್ತಾಗಬಾರದು," ಎಂದರು. "ಇಳಿದ ಮೇಲೆ ಆ ಅಂಗಡಿ ತೋರಿಸು. ಕೂರೋ ಮುಚ್ಚಳ ನಾನೇ ಆರಿಸ್ತೀನಿ."

ಆರಿಸಿದರು. ತಂಗಿಗೆ ಕೊಡುವಾಗ, ಮ್ಯಾನೇಜರು ಕೆಲಸ ನಿಲ್ಲಿಸಿ, ನೂರಿಪ್ಪತ್ತು ಜನರೆದುರು ತಮ್ಮ ದೂರು ಕೇಳಿದನೆಂದರು. ಅದಂತೂ ಅಪ್ಪಟ ನಿಜವಾಗಿತ್ತು.

ಆ ಭಾನುವಾರ ಮನೆಯಿಂದ ನೈಲಾನ್ ಬಟ್ಟೆಗಳೆಲ್ಲ ಕಾಣೆಯಾದವು. ಬಿರಡೆ ಅಕ್ಕನವು ಮಾತ್ರವಲ್ಲ, ಗಂಡನ ಹೊಸ ಅಂಗಿಯೂ, ಕಿಟಕಿಯ ಪರದೆಯೂ. ಬಸ್ ಓಡಿಸುವವನಿಗೆ ಯಾವ ಬೆಂಕಿಯ ಭಯವೆಂದು ಅವನು ಗೊಣಗಿದ. ಬಿರಡೆ ಅಕ್ಕ ಮಾತ್ರ ಅತ್ತೆ ತಂದುಕೊಟ್ಟ ದಪ್ಪ ಹತ್ತಿ ಅಂಗಿ ತೊಟ್ಟು ಸೋಮವಾರ ಕೆಲಸಕ್ಕೆ ಹೋದಳು.