ಸಾಲಿನ ಕೊನೆಯಲ್ಲಿ ಕಾಕ

ಕಾಕನ ಎರಡೂ ಕಾಲಿನ ಹೆಬ್ಬೆರಳುಗಳ ಉಗುರು ಕಪ್ಪಗಿತ್ತು. ಗುಡ್ಡ ಇಳಿಯುವಾಗ ಬೂಟಿನ ತುದಿಗೆ ಬಡಿದು ಬಡಿದು ಆದದ್ದು. ಪುತ್ತೂರಿನ ಆಸ್ಪತ್ರೆಯಲ್ಲಿ ನಾನು ಮೇಲ್ ನರ್ಸ್. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಬಂದ ಕಾಕ, "ಉಗುರು ಮುಟ್ಟುದು ಬೇಡ, ಅದು ನನ್ನ ಸರ್ಟಿಫಿಕೇಟು" ಎಂದರು.

ಗಲ್ಫಿನಿಂದ ಮರಳಿದ ಮೇಲೆ ಅವರು ಶಾಲಾ ಮಕ್ಕಳಿಗೆ ಚಾರಣ ಕಲಿಸುತ್ತಿದ್ದರು. ಹಿರಿಯರೆಂದು ಮಕ್ಕಳೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ. ರಜೆಯ ದಿನಗಳಲ್ಲಿ ನಾನೂ ಜೊತೆಗೆ ಹೋಗತೊಡಗಿದೆ. ಘಟ್ಟದ ಬುಡದ ನೆಟ್ಟಣದಲ್ಲಿ ರೈಲಿಳಿದು ಮಕ್ಕಳು ಸಾಲಾಗುತ್ತಿದ್ದರು. ಕಾಕ ಎಂದೂ ಮುಂದೆ ನಡೆದವರಲ್ಲ. ಎಲ್ಲರಿಗಿಂತ ನಿಧಾನದವರ ಹಿಂದೆ ಅವರ ಜಾಗ. ತಿರುವು ಬಂದಾಗಲೆಲ್ಲ ಮಕ್ಕಳು "ಕಾಕಾ, ಇದ್ದೀರಾ?" ಎಂದು ಕೂಗಬೇಕು, ಅವರು "ಇದ್ದೇನೆ" ಎನ್ನಬೇಕು. ಜೇಬಿನಲ್ಲಿ ಖರ್ಜೂರ ಇರುತ್ತಿತ್ತು. ಅಳುವವರಿಗಲ್ಲ, ಅತ್ತು ಮುಗಿಸಿದವರಿಗೆ.

ಮೊದಲ ಸಲ ಇಳಿಜಾರಿನಲ್ಲಿ ಹುಡುಗಿಯೊಬ್ಬಳು ತಡವರಿಸಿದಾಗ, ವಾರ್ಡಿನ ಅಭ್ಯಾಸದಂತೆ ಅವಳ ತೋಳು ಹಿಡಿದೆ. ಇಬ್ಬರೂ ಜಾರಿ ಬಿದ್ದೆವು.

"ಎಂತ ಮಾರಾಯ, ಅವಳನ್ನೂ ಪೇಶೆಂಟ್ ಮಾಡಿದಿಯಾ? ಕೈ ಬಿಡು. ಹಿಂದೆ ನಿಲ್ಲು. ನೀನು ಇದ್ದಿ ಅಂತ ಗೊತ್ತಾದರೆ ಸಾಕು ಅವಳಿಗೆ" ಎಂದರು ಕಾಕ.

ಆಸ್ಪತ್ರೆ ಬಿಟ್ಟು ಈ ಕೆಲಸಕ್ಕೇ ಬರಲೇ ಎಂದು ಕೇಳಿದಾಗ ಅವರು ಹುರಿದುಂಬಿಸಲಿಲ್ಲ.

"ಅಲ್ಲಿ ಬೆಲ್ ಉಂಟು, ಒತ್ತಿದರೆ ಡಾಕ್ಟರ್ ಬರ್ತಾರೆ. ಇಲ್ಲಿ ಕೊನೆಗೆ ನಡೆಯುವವನ ಹಿಂದೆ ಯಾರೂ ಇರುದಿಲ್ಲ. ಆಗ್ತದಾ ನಿಂಗೆ?"

ಮನೆಯಲ್ಲಿ ಅಮ್ಮ, "ಇದ್ದ ಕೆಲಸ ಬಿಟ್ಟು ಗುಡ್ಡ ಹತ್ತುದಾ? ಹೆಣ್ಣು ಯಾರು ಕೊಡ್ತಾರೆ, ಮಂಗಗಳಾ?" ಎಂದರು. ವರ್ಷವಿಡೀ ಆ ಎರಡು ಪ್ರಶ್ನೆಗಳ ನಡುವೆಯೇ ಡ್ಯೂಟಿ ಮಾಡಿದೆ.

ಕಳೆದ ಮಳೆಗಾಲದಲ್ಲಿ ಕಾಕ ನಮ್ಮ ವಾರ್ಡಿಗೇ ದಾಖಲಾದರು. ಕಾಯಿಲೆ ಶ್ವಾಸಕೋಶದ ತುಂಬ ಹರಡಿತ್ತು. ಒಂದು ಬೆಳಿಗ್ಗೆ ವರಾಂಡದವರೆಗೆ ನಡೆಯಬೇಕೆಂದರು. ತೋಳಿಗೆ ಚಾಚಿದ ಕೈಯನ್ನು ಹಿಂದೆಗೆದುಕೊಂಡೆ. ಗೋಡೆ ಹಿಡಿದು ಅವರು ನಡೆದರು, ಹಿಂದೆ ನಾನು. ಬಾಗಿಲು ದಾಟಿ ತಿರುಗುವಲ್ಲಿ ನಿಂತರು. ಹಿಂದೆ ನೋಡದೆ ಕೇಳಿದರು:

"ಇದ್ದಿಯಾ?"

"ಇದ್ದೇನೆ ಕಾಕ."

ಅದೇ ವಾರ ತೀರಿಕೊಂಡರು. ಆ ಮಂಚಕ್ಕೆ ಹೊಸ ಹಾಸು ಹಾಸಿದವನೂ ನಾನೇ.

ಈ ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಆಸ್ಪತ್ರೆಯಲ್ಲಿ ಹೇಳಿದ್ದೇನೆ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಹೋದ ಭಾನುವಾರ ಕಾಕ ಕಲಿಸುತ್ತಿದ್ದ ಮಕ್ಕಳನ್ನು ಕರೆದುಕೊಂಡು ಹೋದೆ. ಜೇಬಿನಲ್ಲಿ ಖರ್ಜೂರವಿತ್ತು. ಅರ್ಧ ದಾರಿಯಲ್ಲಿ, ಹುಡುಗನೊಬ್ಬ ಚೆನ್ನಾಗಿ ಇಳಿದದ್ದನ್ನು ಕಾಕನಿಗೆ ಹೇಳಲು ಹಿಂದೆ ತಿರುಗಿದೆ. ಬಂದ ದಾರಿ ಮಾತ್ರ ಕಂಡಿತು.

ಅಷ್ಟರಲ್ಲಿ ಮುಂದಿನ ತಿರುವಿನಿಂದ ಕೂಗು ಕೇಳಿಸಿತು. "ಅಣ್ಣಾ, ಇದ್ದೀರಾ?"

ಮುಂದಕ್ಕೆ ತಿರುಗಿದೆ. ಮಕ್ಕಳು ಕಾದು ನಿಂತಿದ್ದರು.

"ಇದ್ದೇನೆ" ಎಂದೆ.